ಆ ಫೋಟೋದಲ್ಲಿರೋದು ಯಾವ ಸಮುದ್ರ?

ದಾವಣಗೆರೆಯಲ್ಲಿ ನಮ್ಮ ನೆಂಟರ ಮನೆಗೆ ಹೋದರೆ ಕಾಫಿ ಮುಗಿಯುವ ಮೊದಲೇ ಹಳೇ ಆಲ್ಬಂ ಹೊರಗೆ ಬರುತ್ತದೆ. ಒಂದು ಫೋಟೋ ಮೇಲೆ ಬೆರಳಿಟ್ಟು ಕೇಳುತ್ತಾರೆ. "ಇದು ಯಾವ ಊರಿನ ಸಮುದ್ರ ನೋಡಿ ಹೇಳು. ನೀನು ಹೆಂಗೆ ಕಂಡುಹಿಡೀತೀಯ? ನೀರು ಎಲ್ಲಾ ಕಡೆ ಒಂದೇ ಥರ ಇರುತ್ತಲ್ವಾ?"

ಒಂದೇ ಥರ ಇರುತ್ತದೆ, ನಿಜ. ಅದಕ್ಕೇ ನಾನು ನೀರನ್ನು ನೋಡುವುದಿಲ್ಲ. ಫೋಟೋದ ಅಂಚು ನೋಡುತ್ತೇನೆ. ಅದೇ ರೋಲಿನ ಹಿಂದಿನ ಮುಂದಿನ ಫೋಟೋ ನೋಡುತ್ತೇನೆ. ಆಮೇಲೆ ಮನೆಯ ಹಿರಿಯರ ಹತ್ತಿರ ಕೂರುತ್ತೇನೆ.

ಸಮುದ್ರ ನಮಗೆ 200 ಕಿಲೋಮೀಟರಿಗೂ ದೂರ. ನಮ್ಮ ಕಡೆಯವರು ಬರೀ ಸಮುದ್ರ ನೋಡೋಕೆ ಅಂತ ಹೋಗುತ್ತಿರಲಿಲ್ಲ. ದೇವಸ್ಥಾನಕ್ಕೆ ಹೊರಟವರು ಘಟ್ಟ ಇಳಿದ ಮೇಲೆ ಅದನ್ನೂ ನೋಡಿ ಬರುತ್ತಿದ್ದರು. ಹೋಗುವ ದಾರಿಗಳೂ ಕೆಲವೇ. ಶಿವಮೊಗ್ಗ, ಸಾಗರ, ಜೋಗ ದಾಟಿದರೆ ಹೊನ್ನಾವರ. ಹಾವೇರಿ, ಶಿರಸಿ ಮೇಲೆ ಹೋದರೆ ಕುಮಟಾ. ತೀರ್ಥಹಳ್ಳಿ, ಆಗುಂಬೆ ಮೇಲೆ ಹೋದರೆ ಉಡುಪಿ. ಹೊಸನಗರದ ಕಡೆಯಿಂದ ಇಳಿದರೆ ಕೊಲ್ಲೂರು. ಹಾಗಾಗಿ ಸಮುದ್ರದ ಫೋಟೋ ಪಕ್ಕದಲ್ಲೇ ಜೋಗದ ಫೋಟೋ ಇದ್ದರೆ ನಾನು ಮೊದಲು ಹೊನ್ನಾವರ, ಮುರುಡೇಶ್ವರದ ಕಡೆ ಹುಡುಕುತ್ತೇನೆ. ಆಗುಂಬೆ ಇದ್ದರೆ ಉಡುಪಿ ಪಕ್ಕದ ಮಲ್ಪೆ.

ಇಲ್ಲಿ ನೆಗೆಟಿವ್ ತುಂಬಾ ಮುಖ್ಯ. ಆಲ್ಬಮ್ಮಿನಲ್ಲಿ ಫೋಟೋಗಳನ್ನು ಯಾರೋ ಯಾವತ್ತೋ ಕಿತ್ತು ಬೇರೆ ಕಡೆ ಅಂಟಿಸಿರುತ್ತಾರೆ. ನೆಗೆಟಿವ್ ಅಂಚಿನಲ್ಲಿ ನಂಬರ್ ಇರುತ್ತದೆ, ಅದರ ಕ್ರಮ ಬದಲಾಗುವುದಿಲ್ಲ. ನಮ್ಮ ಮನೆಯಲ್ಲಿದ್ದದ್ದು ಆಗ್ಫಾ ಕ್ಲಿಕ್ 3 ಕ್ಯಾಮೆರಾ. ಚೌಕಾಕಾರದ ಫೋಟೋ, ಒಂದು ರೋಲಿಗೆ 12 ಮಾತ್ರ. ಇಡೀ ಪ್ರವಾಸ ಆ 12ರಲ್ಲೇ ಮುಗಿಯಬೇಕಿತ್ತು. ಒಂದರ ಜಾಗ ಸಿಕ್ಕಿದರೆ ಅದರ ಪಕ್ಕದ್ದು ಅರ್ಧ ಸಿಕ್ಕಿದ ಹಾಗೆ. ದಯವಿಟ್ಟು ನೆಗೆಟಿವ್ ಎಸೆಯಬೇಡಿ.

ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ದೊಡ್ಡವ್ವ, ಅಪ್ಪಾಜಿ, ಚಿಕ್ಕಪ್ಪ ಸಾಲಾಗಿ ನಿಂತ ಒಂದು ಫೋಟೋ ಇತ್ತು. ಹಿಂದೆ ಅಲೆ, ಮರಳು. ಮಲ್ಪೆ ಇರಬೇಕು ಅಂದುಕೊಂಡೆ. ಹಿಂಭಾಗದಲ್ಲಿ ಬಾಲ್‌ಪೆನ್ನಿಂದ "ಮಲ್ಪೆ" ಅಂತ ಬರೆದೂ ಬಿಟ್ಟೆ. ಮಕ್ಕಳೆಲ್ಲ ಅದನ್ನೇ ನಂಬಿದರು. ಎಷ್ಟೋ ವರ್ಷದ ಮೇಲೆ ಅದನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ದೊಡ್ಡದು ಮಾಡಿ ನೋಡಿದಾಗ ಎಡ ಮೂಲೆಯಲ್ಲಿ ಟಾರು ರಸ್ತೆಯ ಚೂರು ಕಾಣಿಸಿತು. ರಸ್ತೆಯ ಆಚೆಗೂ ನೀರು. ಆ ನೀರಲ್ಲಿ ಅಲೆ ಇಲ್ಲ, ತೆಂಗಿನ ಮರದ ನೆರಳು ನೆಟ್ಟಗೆ ಬಿದ್ದಿದೆ.

ದೊಡ್ಡವ್ವನ ಹತ್ತಿರ ಹೋದೆ. "ಇದು ಯಾವ ಊರು?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ "ಗೊತ್ತಿಲ್ಲಪ್ಪ" ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. "ದೊಡ್ಡವ್ವ, ಅವತ್ತು ಏನು ತಿಂದ್ರಿ?" ಅಂತ ಕೇಳಿದೆ. ಅವಳ ಮುಖ ಅರಳಿತು. "ಮಂಡಕ್ಕಿ ಕಟ್ಕೊಂಡು ಹೋಗಿದ್ವಲ್ಲೋ. ಗಂಟು ಬಿಚ್ಚಿದ್ದೇ ತಡ, ಗಾಳಿಗೆ ಎಲ್ಲಾ ಹಾರಿ ರೋಡ್ ದಾಟಿ ಹೊಳೆಗೆ ಬಿತ್ತು. ನಿಮ್ಮಪ್ಪ ಹಿಂದೆ ಓಡಿದ."

ಒಂದು ಕಡೆ ಸಮುದ್ರ, ಒಂದು ಕಡೆ ಹೊಳೆ, ಮಧ್ಯೆ ರೋಡು. ಅದು ಮರವಂತೆ. ಅಲ್ಲಿ ಸೌಪರ್ಣಿಕಾ ನದಿ ಸಮುದ್ರದ ಪಕ್ಕದವರೆಗೂ ಬಂದು, ಸೇರದೆ ತಿರುಗಿ, ಗಂಗೊಳ್ಳಿಯ ಹತ್ತಿರ ಕಡಲಿಗೆ ಸೇರುತ್ತದೆ. ಮಧ್ಯದ ರಸ್ತೆ ಆಗಿನ ರಾಷ್ಟ್ರೀಯ ಹೆದ್ದಾರಿ 17, ಈಗ ಅದರ ನಂಬರ್ 66. ನೆಗೆಟಿವ್ ಹುಡುಕಿದೆ. ಇದರ ಹಿಂದಿನ ಫೋಟೋ ಕೊಲ್ಲೂರು ದೇವಸ್ಥಾನದ ಮುಂದೆ ತೆಗೆದದ್ದು. ಅದೇ ನದಿ, ಅದೇ ದಾರಿ. ಮೊದಲೇ ನೆಗೆಟಿವ್ ನೋಡಿದ್ದರೆ ಮಲ್ಪೆ ಅಂತ ಬರೆಯುತ್ತಲೇ ಇರಲಿಲ್ಲ. ಪೆನ್ನಿನ ಇಂಕು ಫೋಟೋದ ಈ ಕಡೆಗೂ ಸ್ವಲ್ಪ ಮೂಡಿದೆ, ಅಪ್ಪಾಜಿಯ ಅಂಗಿಯ ಮೇಲೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಈಗ ನಾನು ಮೆತ್ತನೆಯ ಪೆನ್ಸಿಲ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಖಾತ್ರಿ ಇಲ್ಲದಿದ್ದರೆ ಊರಿನ ಹೆಸರೂ ಬರೆಯುವುದಿಲ್ಲ.

ಕೆಲವು ಜಾಗ ಕಟ್ಟಡದಿಂದಲೇ ಗೊತ್ತಾಗುತ್ತದೆ. ಜೊತೆಗೆ ಕಾಲವೂ ಸಿಗುತ್ತದೆ. ಕನ್ಯಾಕುಮಾರಿಯ ವಿವೇಕಾನಂದ ಸ್ಮಾರಕ ಆದದ್ದು 1970ರಲ್ಲಿ. ಪಕ್ಕದ ಬಂಡೆಯ ಮೇಲೆ 133 ಅಡಿಯ ತಿರುವಳ್ಳುವರ್ ಪ್ರತಿಮೆ ಅನಾವರಣ ಆದದ್ದು 2000ದ ಜನವರಿ 1ಕ್ಕೆ. ಸ್ಮಾರಕ ಇದ್ದು ಪ್ರತಿಮೆ ಇಲ್ಲದ ಫೋಟೋ ಆ 30 ವರ್ಷದ ಒಳಗಿನದು. ಕಾರವಾರದ ತೀರದಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿರುವ ಯುದ್ಧನೌಕೆ ಚಾಪಲ್ ಕಂಡರೆ ಅದು ಈ ಶತಮಾನದ ಫೋಟೋ.

ಇದನ್ನು ತಿರುಗಿಸಿ ಯೋಚನೆ ಮಾಡಿದರೆ ಮೋಸ ಹೋಗುತ್ತೇವೆ. ಚಿತ್ರದುರ್ಗದ ಒಬ್ಬರು "ಇದು ಮುರುಡೇಶ್ವರ ಅಲ್ಲವೇ ಅಲ್ಲ, ಶಿವನ ಮೂರ್ತಿ ಎಲ್ಲಿದೆ?" ಅಂತ ಹಟ ಹಿಡಿದಿದ್ದರು. 123 ಅಡಿಯ ಆ ಶಿವ ಬಂದದ್ದೇ ಇತ್ತೀಚೆಗೆ. 20 ಅಂತಸ್ತಿನ ಗೋಪುರವೂ ಅಷ್ಟೇ. ಅದಕ್ಕೂ ಮೊದಲು ಅಲ್ಲಿದ್ದದ್ದು ಮೂರು ಕಡೆ ಸಮುದ್ರ ಇರುವ ಕಂದುಕ ಗುಡ್ಡ, ಮೇಲೊಂದು ಗುಡಿ. ಅವರ ಫೋಟೋದಲ್ಲಿ ಇದ್ದದ್ದೂ ಅದೇ ಗುಡ್ಡ. ಗುಡ್ಡದ ಗೆರೆಯನ್ನು ನಾನು ಎಲ್ಲಕ್ಕಿಂತ ಜಾಸ್ತಿ ನಂಬುತ್ತೇನೆ. ಮರಳು ಕೊಚ್ಚಿ ಹೋಗುತ್ತದೆ, ಕಡಲ್ಕೊರೆತ ತಡೆಯಲು ಬಂಡೆ ತಂದು ಸುರಿಯುತ್ತಾರೆ, ರಸ್ತೆ ಅಗಲ ಆಗುತ್ತದೆ. ದೂರದ ಗುಡ್ಡ ಮಾತ್ರ ಹಾಗೇ ಇರುತ್ತದೆ.

ಗುಡ್ಡ ಎಷ್ಟು ಹುಡುಕಿದರೂ ಹೊಂದದಿದ್ದರೆ ಅಂಗಿಯ ಜೇಬು ನೋಡಿ. ಜೇಬು ಬಲಗಡೆ, ವಾಚೂ ಬಲಗೈಯಲ್ಲಿ ಇದ್ದರೆ ನೆಗೆಟಿವ್ ಉಲ್ಟಾ ಇಟ್ಟು ಪ್ರಿಂಟ್ ಹಾಕಿದ್ದಾರೆ ಅಂತ ಅರ್ಥ. ಚಿಕ್ಕಪ್ಪನ ಗೋಕರ್ಣದ ಫೋಟೋ ಹಾಗೇ ಆಗಿತ್ತು. ಕಂಪ್ಯೂಟರಿನಲ್ಲಿ ತಿರುಗಿಸಿದ ತಕ್ಷಣ ಗುಡ್ಡ ಸರಿಯಾಗಿ ಕೂತಿತು.

ನೆರಳನ್ನೂ ನೋಡಿ. ನಮ್ಮ ಕರಾವಳಿಯಲ್ಲಿ ಸಮುದ್ರ ಇರುವುದು ಪಶ್ಚಿಮಕ್ಕೆ. ಉದ್ದನೆಯ ನೆರಳು ನೀರಿನ ಕಡೆ ಬಿದ್ದಿದ್ದರೆ ಬೆಳಿಗ್ಗೆ, ನೀರಿನ ಕಡೆಯಿಂದ ಈಚೆಗೆ ಬಿದ್ದಿದ್ದರೆ ಸಂಜೆ. ಮನೆಯವರು "ಸೂರ್ಯ ಸಮುದ್ರದಿಂದ ಹುಟ್ಟೋದು ನೋಡಿದ್ವಿ" ಅಂದರೆ ಅದು ಪೂರ್ವದ ಕಡಲು ಇರಬೇಕು. ರಾಮೇಶ್ವರ, ಮದ್ರಾಸು, ಕನ್ಯಾಕುಮಾರಿ ನೆನಪಿಸಿ ಕೇಳಿ.

ನನ್ನ ಹತ್ತಿರ ಇನ್ನೂ ಒಂದು ಉಳಿದಿದೆ. ಅವ್ವ ಪಾದ ಮುಳುಗುವಷ್ಟು ನೀರಲ್ಲಿ ಸೀರೆ ಎತ್ತಿ ಹಿಡಿದು ನಿಂತಿದ್ದಾಳೆ. ಗುಡ್ಡ ಇಲ್ಲ, ಮರ ಇಲ್ಲ, ಬಲ ಅಂಚಿನಲ್ಲಿ ದೋಣಿಯ ಮೂತಿ ಅಷ್ಟೇ. ನೆಗೆಟಿವ್ ಸಿಕ್ಕಿಲ್ಲ. ಜೋಗದ ಫೋಟೋದಲ್ಲಿ ಉಟ್ಟಿರುವುದೂ ಅದೇ ಅಂಚಿನ ಸೀರೆ. ಅವ್ವ ಈಗಿಲ್ಲ, ಕೇಳೋಕೆ ಆಗುವುದಿಲ್ಲ. ಹಿಂಭಾಗದಲ್ಲಿ ಪೆನ್ಸಿಲ್ಲಿನಿಂದ "ಜೋಗಕ್ಕೆ ಹೋದಾಗ?" ಅಂತ ಮಾತ್ರ ಬರೆದಿದ್ದೇನೆ. ಭಾನುವಾರ ಹರಿಹರಕ್ಕೆ ಚಿಕ್ಕಪ್ಪನ ಮನೆಗೆ ಹೋಗುತ್ತಿದ್ದೇನೆ. ಅವರಿಗೆ ಕಣ್ಣು ಮಂಜು, ಅದಕ್ಕೆ ಫೋಟೋವನ್ನು ಕ್ಯಾಲೆಂಡರಿನಷ್ಟು ದೊಡ್ಡದು ಮಾಡಿಸಿಕೊಂಡಿದ್ದೇನೆ. ಮೊದಲು ಆ ದೋಣಿಯ ಬಗ್ಗೆ ಕೇಳಬೇಕು.