ಸಡಿಲವಾದ ಶ್ವಾಸನಾಳ, ಸೋತುಹೋದ ಶ್ವಾಸನಾಳ

ಹಾಸನದ ಔಷಧ ವಿಜ್ಞಾನ ಕಾಲೇಜೊಂದರ ಪ್ರಯೋಗಾಲಯದಲ್ಲಿ, ಬಿಗಿದ ಶ್ವಾಸನಾಳವನ್ನು ಸಡಿಲಿಸುವ ಗುಣ ಗಿಡಗಳ ಸಾರದಲ್ಲಿ ಇದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಬೆಳಿಗ್ಗೆ ಮಾಂಸದಂಗಡಿಯಿಂದ ತಂದ ಮೇಕೆಯ ಶ್ವಾಸನಾಳವನ್ನು ಬಳೆಗಳಾಗಿ ಕತ್ತರಿಸಿ, ದಾರದಿಂದ ಸರದಂತೆ ಕಟ್ಟಿ, ಅಂಗಾಂಶವನ್ನು ಜೀವಂತವಾಗಿಡುವ ಕ್ರೆಬ್ಸ್ ಎಂಬ ಲವಣ ದ್ರಾವಣದಲ್ಲಿ, 37 ಡಿಗ್ರಿ ಬಿಸಿಯಲ್ಲಿ, ಆಮ್ಲಜನಕ ಹಾಯಿಸುತ್ತ ತೂಗುಹಾಕುತ್ತೇವೆ. ಕಾರ್ಬಕಾಲ್ ಹಾಕಿದರೆ ಸ್ನಾಯು ಬಿಗಿಯುತ್ತದೆ; ಬಳಿಕ ಸಾರ ಹಾಕಿ, ಬಿಗಿತವನ್ನು ತೋರಿಸುವ ದಾಖಲೆಯ ಗೆರೆ ಇಳಿಯುವುದನ್ನು ಕಾಯುತ್ತೇವೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಆಡುಸೋಗೆ ಎಲೆಯನ್ನು ಆಲ್ಕೋಹಾಲಿನಲ್ಲಿ ನೆನೆಸಿ ತೆಗೆದ ಸಾರವನ್ನು ಹಾಕಿದಾಗ ಗೆರೆ ತಳ ಸೇರಿತು. ಶೇಕಡಾವಾರು ಲೆಕ್ಕ ಹಾಕಿ, ನಕ್ಷೆ ಬರೆದು, ಹಿರಿಯ ಪ್ರಾಧ್ಯಾಪಕರ ಮುಂದಿಟ್ಟೆ. ಅವರು ನಕ್ಷೆಯತ್ತ ಹೆಚ್ಚು ನೋಡದೆ, "ತೊಳೆದ ಮೇಲೆ ಮತ್ತೆ ಬಿಗಿಯಿತೇನಮ್ಮಾ?" ಎಂದು ಕೇಳಿದರು. ನಾನು ತೊಳೆದೇ ಇರಲಿಲ್ಲ.

ಮರುದಿನ ಹೊಸ ತುಂಡಿನ ಮೇಲೆ ಅದೇ ಪ್ರಯೋಗ ಮಾಡಿ, ದ್ರಾವಣವನ್ನು ಮೂರು ಬಾರಿ ಬದಲಿಸಿ ಕಾರ್ಬಕಾಲ್ ಹಾಕಿದರೆ ಸ್ನಾಯು ಅಲುಗಾಡಲೇ ಇಲ್ಲ. ಅದು ಸಡಿಲವಾಗಿರಲಿಲ್ಲ, ಕೆಟ್ಟುಹೋಗಿತ್ತು. ಗೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಸಾರದಲ್ಲಿದ್ದಷ್ಟೇ ಆಲ್ಕೋಹಾಲನ್ನು ಬೇರೊಂದು ತುಂಡಿಗೆ ಹಾಕಿ ನೋಡಿದಾಗ ಆ ಇಳಿತದ ದೊಡ್ಡ ಪಾಲು ಅದರಿಂದಲೇ ಬರುತ್ತಿದ್ದುದು ತಿಳಿಯಿತು. ಸಾರವನ್ನು ಒಣಗಿಸಿ ನೀರಿಗೆ ಬದಲಿಸಿದ ಮೇಲೆ ಉಳಿದದ್ದು ಸಣ್ಣ ಇಳಿತ, ಆದರೆ ತೊಳೆದರೆ ಸ್ನಾಯು ಚೇತರಿಸಿಕೊಳ್ಳುತ್ತಿತ್ತು.

ಆ ಸಣ್ಣ ಇಳಿತವೂ ಕಾರಣವನ್ನು ಹೇಳುವುದಿಲ್ಲ. ಕಾರ್ಬಕಾಲಿನ ಬಿಗಿತ ಇಳಿದು ಸ್ನಾಯುವನ್ನು ಬೇರೆ ದಾರಿಯಿಂದ ಬಿಗಿಸುವ ಹಿಸ್ಟಮಿನ್‌ನ ಬಿಗಿತ ಹಾಗೆಯೇ ಉಳಿದರೆ, ಆ ಸಾರ ದತ್ತೂರಿಯಲ್ಲಿರುವ ಅಟ್ರೋಪಿನ್‌ನಂತೆ ಕಾರ್ಬಕಾಲ್ ಅಂಟಿಕೊಳ್ಳುವ ಗ್ರಾಹಕಗಳನ್ನಷ್ಟೇ ತಡೆಯುತ್ತಿರಬಹುದು. ಪೊಟ್ಯಾಸಿಯಂ ಕ್ಲೋರೈಡ್ ಕೊಟ್ಟ ಬಿಗಿತವೂ ಇಳಿದರೆ ಸ್ನಾಯುಕೋಶದೊಳಕ್ಕೆ ಕ್ಯಾಲ್ಸಿಯಂ ಹರಿಯುವುದನ್ನೇ ಸಾರ ತಡೆಯುತ್ತಿದೆಯೇ ಎಂಬ ಸಂಶಯ ಬರುತ್ತದೆ. ಹೋಲಿಕೆಗೆ ಶ್ವಾಸನಾಳ ಸಡಿಲಿಸುವ ಹಳೆಯ ಔಷಧ ಥಿಯೋಫಿಲಿನ್ ಬೇಕೇಬೇಕು. 1888ರಲ್ಲಿ ಜರ್ಮನ್ ವಿಜ್ಞಾನಿ ಕೊಸೆಲ್ ಚಹಾದೆಲೆಯಿಂದ ಬೇರ್ಪಡಿಸಿದ ಅದು ಇಂದಿಗೂ ಬಳಕೆಯಲ್ಲಿದೆ, ಆದರೆ ಪರಿಣಾಮ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಕಡಿಮೆ. ಅಟ್ರೋಪಿನ್‌ನ ರಚನೆಯನ್ನು ಬದಲಿಸಿ, ಉಸಿರಿನ ಮೂಲಕ ಒಳಕ್ಕೆ ಕೊಟ್ಟಾಗ ರಕ್ತಕ್ಕೆ ಹೆಚ್ಚು ಸೇರದಂತೆ ಮಾಡಿದ್ದರಿಂದ ಶ್ವಾಸನಾಳ ಸಡಿಲಿಸುವ ಇಪ್ರಾಟ್ರೋಪಿಯಂ ಎಂಬ ಔಷಧ ಸಿಕ್ಕಿತು. ನಮ್ಮ ಆಡುಸೋಗೆಯಲ್ಲಿರುವ ವ್ಯಾಸಿಸಿನ್ ಎಂಬ ಅಣುವಿನಿಂದ ಹೊರಟ ದಾರಿ ಬ್ರೋಮ್‌ಹೆಕ್ಸಿನ್‌ಗೆ ಮುಟ್ಟಿತು, ಅದು ಕಫ ತೆಳುವಾಗಿಸುವ ಔಷಧ. ಗಿಡದ ಅಣು ಇದ್ದ ಹಾಗೆಯೇ ಮಾತ್ರೆಯಾಗುವುದು ಅಪರೂಪ ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಪ್ರತಿ ವರ್ಷವೂ ಕಷ್ಟವಾಗುತ್ತದೆ.

ಈಗ ನಮ್ಮ ದಾಖಲೆ ಪುಸ್ತಕದಲ್ಲಿ 'ತೊಳೆದ ನಂತರ' ಎಂಬ ಅಂಕಣವೊಂದಿದೆ. ಅದು ಖಾಲಿಯಿದ್ದರೆ ನಕ್ಷೆ ಬರೆಯಲು ನಾನು ಯಾರಿಗೂ ಒಪ್ಪಿಗೆ ಕೊಡುವುದಿಲ್ಲ.