ಪ್ಲಾನಿನಿಂದ ಎದ್ದುನಿಂತ ಸೋಮನಾಥಪುರ

ಆರ್ಕಿಟೆಕ್ಚರ್ ಓದುವಾಗ ನಮ್ಮ ಗುಂಪಿಗೆ ಡಿಸೈನ್ ಪ್ರಾಜೆಕ್ಟಿಗೆ ಸಿಕ್ಕಿದ್ದು ಸೋಮನಾಥಪುರದ ಕೇಶವ ದೇವಾಲಯ. ಹೊಯ್ಸಳರ ಮೂರನೇ ನರಸಿಂಹನ ಕಾಲದಲ್ಲಿ ದಂಡನಾಯಕ ಸೋಮನಾಥ ಕಟ್ಟಿಸಿದ ತ್ರಿಕೂಟ (ಮೂರು ಗರ್ಭಗುಡಿಯ) ಗುಡಿ ಅದು. ಪ್ಲಾನ್ (ಮೇಲಿನಿಂದ ಕಂಡ ನಕ್ಷೆ), ಎಲಿವೇಷನ್ (ಎದುರಿನಿಂದ ಕಂಡ ಚಿತ್ರ), ಸೆಕ್ಷನ್ (ಸೀಳಿ ತೋರಿಸಿದ ಚಿತ್ರ) ಮೂರೂ ಕೈಯಲ್ಲಿದ್ದವು. ಅವನ್ನು ನೋಡಿ ಮೌಂಟ್ ಬೋರ್ಡಿನಲ್ಲಿ, ಅಂದರೆ ದಪ್ಪ ರಟ್ಟಿನಲ್ಲಿ, ಮಾಡೆಲ್ ಆಗಬೇಕಿತ್ತು.

ನಮ್ಮ ಮೇಷ್ಟ್ರು ಕಟರ್ ಮುಟ್ಟೋಕೆ ಮೊದಲು ಬಿಡಲಿಲ್ಲ. ಒಂದು ಚೌಕ ಬರೆಯಿರಿ ಅಂದರು. ಅದೇ ನಡುಬಿಂದುವಿನ ಮೇಲೆ ಅದನ್ನು 22.5 ಡಿಗ್ರಿ ತಿರುಗಿಸಿ ಇನ್ನೊಂದು, ಮತ್ತೊಂದು. 4 ಚೌಕ ಒಂದರ ಮೇಲೊಂದು ಬಂದಾಗ 16 ಮೂಲೆಯ ನಕ್ಷತ್ರ ತಾನಾಗೇ ಮೂಡಿತು. ಗರ್ಭಗುಡಿಯ ಹೊರಗೋಡೆ ನಿಂತಿರುವುದು ಈ ಲೆಕ್ಕದ ಮೇಲೆ. ಎಷ್ಟು ಸರಳ, ಎಷ್ಟು ಚಂದ ಅಲ್ವಾ!

ಎಲಿವೇಷನ್‌ನಲ್ಲಿ ನೋಡಿದರೆ ಗೋಡೆಯ ಕೆಲವು ಮುಖ ಅಗಲ, ಕೆಲವು ಕಡ್ಡಿಯಷ್ಟು ಕಿರಿದು, ಇನ್ನು ಕೆಲವು ಕಾಣುವುದೇ ಇಲ್ಲ. ನಕ್ಷತ್ರದಲ್ಲಿ ಎಲ್ಲದರ ಅಗಲವೂ ಒಂದೇ. ಓರೆಯಾಗಿ ನಿಂತದ್ದು ಚಿತ್ರದಲ್ಲಿ ಕುಗ್ಗುತ್ತದೆ, ಅಷ್ಟೆ. ಹಾಗಾಗಿ ಅಗಲ ಪ್ಲಾನಿನಿಂದ, ಎತ್ತರ ಎಲಿವೇಷನ್‌ನಿಂದ. ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಪ್ರತಿ ಪಟ್ಟಿಗೂ ಗುರುತು ಹಾಕಿದೆವು.

ಇನ್ನೊಂದು ವಿಷಯ ದಪ್ಪದ್ದು. ಹಾಳೆಯ ಮೇಲಿನ ಗೆರೆಗೆ ದಪ್ಪವಿಲ್ಲ, ಬೋರ್ಡಿಗಿದೆ. 1:50 ಅಳತೆಯಲ್ಲಿ 2 ಮಿಲಿಮೀಟರ್ ಮೌಂಟ್ ಬೋರ್ಡ್ ಅಂದರೆ ನಿಜವಾದ ಗೋಡೆಯಲ್ಲಿ 10 ಸೆಂಟಿಮೀಟರ್! ಆ ದಪ್ಪ ಅಳತೆ ಕೆಡಿಸಬಾರದು ಅಂತಲೇ ಹೊರಮೂಲೆಯಲ್ಲಿ ಎರಡೂ ಅಂಚನ್ನು 45 ಡಿಗ್ರಿ ಓರೆಯಾಗಿ ಸವರಿ ಕೂಡಿಸಿದೆವು. ಒಳಮೂಲೆ ಹೊರಗಿನಿಂದ ಅಳೆದರೆ 112.5 ಡಿಗ್ರಿ. ಗೆಳತಿಯೊಬ್ಬಳು ಅಷ್ಟಕ್ಕೇ ಒಂದು ರಟ್ಟಿನ ಅಚ್ಚು ಕತ್ತರಿಸಿಟ್ಟಳು. ಮೂಲೆ ಆ ಅಚ್ಚಿಗೆ ಸರಿಯಾಗಿ ಕೂತರೆ ಮಾತ್ರ ಫೆವಿಕಾಲ್. ಇಡೀ ಮಾಡೆಲ್ ಉಳಿದದ್ದು ಆ ಪುಟ್ಟ ರಟ್ಟಿನಿಂದ ಅಂತ ಇವತ್ತಿಗೂ ನಂಬಿದ್ದೇನೆ.

ಗೋಡೆ ನಿಂತ ಮೇಲೆ ಟೇಬಲ್ ಲ್ಯಾಂಪನ್ನು ಪಕ್ಕದಿಂದ ಹಿಡಿದೆವು. ಪ್ಲಾನಿನಲ್ಲಿ ಬರೀ ಅಂಕುಡೊಂಕು ಗೆರೆಯಾಗಿದ್ದದ್ದು ಬೆಳಕು ನೆರಳಿನ ಪಟ್ಟೆಗಳಾಯಿತು. ಲ್ಯಾಂಪ್ ಸರಿಸಿದರೆ ಪಟ್ಟೆಗಳೂ ಸರಿದವು. ಬಿಸಿಲು ಎತ್ತ ಕಡೆಯಿಂದ ಬಿದ್ದರೂ ಒಂದು ಮುಖ ಬೆಳಗುತ್ತದೆ, ಪಕ್ಕದ್ದು ಮಸುಕಾಗುತ್ತದೆ, ಶಿಲ್ಪ ಎದ್ದು ಕಾಣುತ್ತದೆ. ಇಷ್ಟೊಂದು ಮೂಲೆಗಳು ಏನು ಮಾಡುತ್ತವೆ ಅಂತ ನನಗೆ ತಿಳಿದದ್ದು ಆಗ.

ಈಗ 3ಡಿ ಸಾಫ್ಟ್‌ವೇರ್ ಸ್ಕೆಚಪ್‌ನಲ್ಲಿ ಗೋಡೆ ಸುಮ್ನೆ ಎಳೆದರೆ ಮೇಲೇಳುತ್ತದೆ. ಒಳ್ಳೆಯದೇ. ಆದರೂ ಜೂನಿಯರ್‌ಗಳೇ, ಒಂದು ಮೂಲೆಯನ್ನಾದರೂ ಬೋರ್ಡಿನಲ್ಲಿ ಮಾಡಿ ನೋಡಿ. ಗದಗ ಜಿಲ್ಲೆಯ ಡಂಬಳದಲ್ಲಿ ದೊಡ್ಡಬಸಪ್ಪ ಗುಡಿ ಇದೆ. ಅದರ ನಕ್ಷತ್ರಕ್ಕೆ 24 ಮೂಲೆ, ಚೌಕವನ್ನು 15 ಡಿಗ್ರಿಯಂತೆ ತಿರುಗಿಸಬೇಕು. ಯಾರಾದರೂ ಅದನ್ನು ಕೈಗೆತ್ತಿಕೊಂಡರೆ ನನಗೂ ಹೇಳಿ, ಕಟರ್ ಹಿಡಿದು ಬರುತ್ತೇನೆ.