ಮೂರೂ ನಿಜವಾದಾಗ ಯಾವುದನ್ನು ಒತ್ತಬೇಕು: ಕೆಲಸಕ್ಕೆ ಮುಂಚೆ ಬರುವ ಪರ್ಸನಾಲಿಟಿ ಟೆಸ್ಟ್

ಅರ್ಜಿ ಹಾಕಿದ ಕೆಲವು ದಿನಕ್ಕೆ ಒಂದು ಮೇಲ್ ಬರುತ್ತದೆ. ಲಿಂಕ್ ಒತ್ತಿ, ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ, ಇದರಲ್ಲಿ ಸರಿ ಉತ್ತರ ತಪ್ಪು ಉತ್ತರ ಎಂಬುದಿಲ್ಲ ಎಂದು ಬರೆದಿರುತ್ತದೆ. ಆ ಕೊನೆಯ ಮಾತು ಅರ್ಧ ಮಾತ್ರ ನಿಜ. ಗಣಿತದ ಲೆಕ್ಕದಂತೆ ಒಂದೇ ಸರಿ ಉತ್ತರ ಇಲ್ಲ, ಹೌದು. ಆದರೆ ಈ ಹುದ್ದೆಗೆ ಯಾವ ಗುಣ ಹೆಚ್ಚಿರಬೇಕು, ಯಾವುದು ಕಡಿಮೆಯಿದ್ದರೆ ನಡೆಯುತ್ತದೆ ಎಂಬ ಅಂದಾಜು ಕಂಪನಿಯ ಬಳಿ ಇರುತ್ತದೆ. ನಿಮ್ಮ ಉತ್ತರಗಳನ್ನು ಅದರ ಪಕ್ಕಕ್ಕಿಟ್ಟು ನೋಡುತ್ತಾರೆ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಅಭ್ಯರ್ಥಿಗಳು ‘ಒಳ್ಳೆಯವರಂತೆ ಕಾಣಬೇಕು’ ಎಂದು ಉತ್ತರಿಸಲು ಹೋಗಿ ಕೆಡಿಸಿಕೊಳ್ಳುತ್ತಾರೆ. ಈ ಟೆಸ್ಟ್‌ಗಳು ಒಳ್ಳೆಯತನವನ್ನು ತೂಗುವುದಿಲ್ಲ. ನಿಮ್ಮ ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ, ಹೊಂದಿದರೆ ಯಾವ ಕಡೆ ವಾಲುತ್ತವೆ, ಅಷ್ಟನ್ನೇ ನೋಡುತ್ತವೆ.

ಮೊದಲು ಮೇಲ್‌ನಲ್ಲಿ ಟೆಸ್ಟ್‌ನ ಹೆಸರು ಹುಡುಕಿ. ಇಲ್ಲದಿದ್ದರೆ ಎಚ್‌ಆರ್‌ಗೆ ಬರೆದು ಕೇಳಿ, ಅದರಲ್ಲಿ ಸಂಕೋಚ ಬೇಡ. ಹೆಸರು ತಿಳಿದರೆ ಅದರ ರೂಪ ತಿಳಿಯುತ್ತದೆ. 16ಪಿಎಫ್ ಎಂಬ ಟೆಸ್ಟ್‌ನ ಐದನೇ ಆವೃತ್ತಿಯಲ್ಲಿ 185 ಪ್ರಶ್ನೆ, ಹೋಗನ್ ಪರ್ಸನಾಲಿಟಿ ಇನ್ವೆಂಟರಿಯಲ್ಲಿ 206. ಒಪಿಕ್ಯೂ32ಆರ್‌ನಲ್ಲಿ ಮೂರು ಮೂರು ವಾಕ್ಯಗಳ 104 ಗುಂಪು. ಪ್ರಿಡಿಕ್ಟಿವ್ ಇಂಡೆಕ್ಸ್‌ನಲ್ಲಿ 86 ಗುಣವಾಚಕಗಳ ಪಟ್ಟಿ ಎರಡು ಸಲ ಬರುತ್ತದೆ. ಮೊದಲ ಸಲ ‘ಬೇರೆಯವರು ನೀವು ಹೇಗಿರಬೇಕೆಂದು ಬಯಸುತ್ತಾರೆ’, ಎರಡನೇ ಸಲ ‘ನಿಮ್ಮ ಪ್ರಕಾರ ನೀವು ಹೇಗೆ’. ಅವಸರದಲ್ಲಿ ಎರಡನ್ನೂ ಒಂದೇ ಎಂದುಕೊಂಡು ಟಿಕ್ ಮಾಡುತ್ತಾ ಹೋಗುವುದು ಇಲ್ಲಿ ಸುಲಭವಾಗಿ ಆಗುವ ತಪ್ಪು. ಚೆನ್ನಾಗಿ ಕೇಳಿಸುವ ಪದವನ್ನೆಲ್ಲಾ ಟಿಕ್ ಮಾಡಿದರೆ ಏನನ್ನೂ ಹೇಳದಷ್ಟೇ ಆಯಿತು.

‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ ಐದು ಆಯ್ಕೆ ಕೊಡುವ ಟೆಸ್ಟ್‌ಗಳೂ ಸಾಕಷ್ಟಿವೆ. ಇದರ ಒಳಲೆಕ್ಕವನ್ನು ಒಮ್ಮೆ ನೋಡಿ. 12ನೇ ಪ್ರಶ್ನೆ: ‘ಕೈಗೆತ್ತಿಕೊಂಡ ಕೆಲಸವನ್ನು ಮುಗಿಸದೆ ಬಿಡುವುದಿಲ್ಲ.’ ನೀವು ಪೂರ್ತಿ ಒಪ್ಪಿದಿರಿ, 5 ಅಂಕ. 97ನೇ ಪ್ರಶ್ನೆ: ‘ಅರ್ಧಕ್ಕೆ ನಿಂತ ಕೆಲಸಗಳು ನನ್ನ ಬಳಿ ಸದಾ ಇರುತ್ತವೆ.’ ಕೈಯಲ್ಲಿ ನಾಲ್ಕು ಕೆಲಸ ಇರುವವರಿಗೆ ಇದೂ ನಿಜವೇ, ಅದಕ್ಕೂ ಪೂರ್ತಿ ಒಪ್ಪಿದಿರಿ. ಆದರೆ ಎರಡನೆಯದು ತಿರುಗಿಸಿ ಬರೆದ ಪ್ರಶ್ನೆ. ಅದರ ಅಂಕವನ್ನು 6ರಿಂದ ಕಳೆಯುತ್ತಾರೆ, ಸಿಗುವುದು 1. ಎರಡರ ಸರಾಸರಿ 3. ಅಚ್ಚುಕಟ್ಟಾಗಿ ಕೆಲಸ ಮಾಡುವವರ ಅಂಕ ನಡುಮಧ್ಯಕ್ಕೆ ಬಂದು ಬಿತ್ತು. ಇಂಥ ಜೋಡಿಗಳು ನಾಲ್ಕೈದು ಕಡೆ ಹೀಗೆಯೇ ಹೊಡೆದಾಡಿಕೊಂಡರೆ ರಿಪೋರ್ಟ್‌ನಲ್ಲಿ ‘ಉತ್ತರಗಳಲ್ಲಿ ಹೊಂದಾಣಿಕೆ ಇಲ್ಲ’ ಎಂಬ ಗುರುತು ಬೀಳಬಹುದು. ಅದು ಕಡಿಮೆ ಅಂಕಕ್ಕಿಂತ ಕೆಟ್ಟದ್ದು. ಕಡಿಮೆ ಅಂಕದ ಬಗ್ಗೆ ಇಂಟರ್‌ವ್ಯೂನಲ್ಲಿ ಮಾತಾಡಬಹುದು, ಆ ಗುರುತು ಬಿದ್ದ ಮೇಲೆ ರಿಪೋರ್ಟ್‌ನ ಯಾವ ಸಾಲನ್ನೂ ಅವರು ನಂಬುವುದಿಲ್ಲ.

ಹಿಂದಿನ ಉತ್ತರ ಏನು ಕೊಟ್ಟೆ ಎಂದು ನೆನಪಿಟ್ಟುಕೊಳ್ಳಲು ಹೆಣಗುವುದು ಇದಕ್ಕೆ ಮದ್ದಲ್ಲ. 185 ಪ್ರಶ್ನೆಯಲ್ಲಿ ಅದು ಸಾಧ್ಯವೂ ಇಲ್ಲ. ಶುರು ಮಾಡುವ ಮೊದಲೇ ಒಂದು ಚೌಕಟ್ಟು ಹಾಕಿಕೊಳ್ಳಿ: ಕೆಲಸದ ಜಾಗದಲ್ಲಿ, ಕಳೆದ ಒಂದೆರಡು ವರ್ಷದಲ್ಲಿ, ಸಾಮಾನ್ಯ ವಾರದ ನಾನು. ಈಗಷ್ಟೇ ಓದು ಮುಗಿಸಿದವರು ಕಾಲೇಜಿನ ಪ್ರಾಜೆಕ್ಟ್, ಗುಂಪು ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ. ಮನೆಯಲ್ಲಿ ಮಾತು ಕಡಿಮೆ, ಟೀಮ್‌ನಲ್ಲಿ ಜಾಸ್ತಿ ಎಂಬಂಥವರು ಬಹಳ ಜನ. ಒಂದು ಪ್ರಶ್ನೆಗೆ ಮನೆಯವರಾಗಿ, ಇನ್ನೊಂದಕ್ಕೆ ಕಚೇರಿಯವರಾಗಿ ಉತ್ತರಿಸಿದರೆ ಸುಳ್ಳು ಹೇಳದೆಯೂ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗುತ್ತದೆ. ಪ್ರತಿ ಪ್ರಶ್ನೆಗೂ ‘ಕೆಲಸದಲ್ಲಿ’ ಎಂಬ ಪದವನ್ನು ಮನಸ್ಸಿನಲ್ಲೇ ಸೇರಿಸಿ ಓದಿ.

ನಡುವಿನ ಆಯ್ಕೆಯ ವಿಷಯ. ಗೊಂದಲವಾದಾಗಲೆಲ್ಲ ‘ಒಪ್ಪುವುದೂ ಇಲ್ಲ, ನಿರಾಕರಿಸುವುದೂ ಇಲ್ಲ’ ಒತ್ತುವುದು ಸುರಕ್ಷಿತ ಅನ್ನಿಸುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಅದು. ಹತ್ತರಲ್ಲಿ ಒಂದೆರಡು ಸಲ ಪರವಾಗಿಲ್ಲ, ಹತ್ತರಲ್ಲಿ ಐದು ಸಲ ಒತ್ತಿದರೆ ನಿಮ್ಮ ಬಗ್ಗೆ ಹೇಳಲು ಏನೂ ಉಳಿಯುವುದಿಲ್ಲ.

ಇನ್ನು ಅಭ್ಯರ್ಥಿಗಳನ್ನು ಅತಿ ಹೆಚ್ಚು ಕಾಡುವ ರೂಪ: ಮೂರು ವಾಕ್ಯ ಕೊಟ್ಟು, ನಿಮಗೆ ಹೆಚ್ಚು ಹೊಂದುವುದು ಯಾವುದು, ಕಡಿಮೆ ಹೊಂದುವುದು ಯಾವುದು ಎಂದು ಕೇಳುವುದು. ಹೀಗಿರುತ್ತದೆ ಎಂದಿಟ್ಟುಕೊಳ್ಳಿ: ‘ಸಹೋದ್ಯೋಗಿಗಳ ಕಷ್ಟ ಕೇಳಲು ಸಮಯ ಕೊಡುತ್ತೇನೆ. ಅಂಕಿ ಅಂಶಗಳೊಂದಿಗೆ ಕೆಲಸ ಮಾಡುವುದು ಇಷ್ಟ. ಒಪ್ಪಿಕೊಂಡ ದಿನಕ್ಕೆ ಕೆಲಸ ಮುಗಿಸುತ್ತೇನೆ.’ ಮೂರೂ ಒಳ್ಳೆಯವು, ಮೂರೂ ನಿಜ. ‘ಕಡಿಮೆ’ ಎಂದು ಒಂದನ್ನು ಒತ್ತಿದರೆ ಆ ಗುಣವೇ ಇಲ್ಲವೆಂದು ಒಪ್ಪಿಕೊಂಡಂತೆ ಅನ್ನಿಸಿ ಜನ ನಿಮಿಷಗಟ್ಟಲೆ ಅಲ್ಲೇ ಕೂರುತ್ತಾರೆ. ಹಾಗೇನೂ ಆಗುವುದಿಲ್ಲ. ಅದೇ ‘ಅಂಕಿ ಅಂಶ’ದ ಗುಣ ಬೇರೆ ಬೇರೆ ಜೊತೆಗಾರರೊಂದಿಗೆ ಮತ್ತೆ ಮತ್ತೆ ಬರುತ್ತದೆ. ಯಾವುದರ ಎದುರು ಗೆದ್ದಿತು, ಯಾವುದರ ಎದುರು ಸೋತಿತು ಎಂಬುದನ್ನು ಎಲ್ಲಾ ಸೇರಿಸಿ ಲೆಕ್ಕ ಹಾಕುತ್ತಾರೆ. ಎಲ್ಲವನ್ನೂ ‘ಪೂರ್ತಿ ಒಪ್ಪುತ್ತೇನೆ’ ಎಂದು ಅಂಕ ಏರಿಸಿಕೊಳ್ಳುವುದನ್ನು ತಡೆಯುವುದು ಈ ರೂಪದ ಉದ್ದೇಶಗಳಲ್ಲಿ ಒಂದು. ಇಲ್ಲಿ ನಡೆಯುವ ಕ್ರಮ ಇದು: ಮೊದಲು ‘ಕಡಿಮೆ’ಯನ್ನು ಆರಿಸಿ. ‘ಈ ಮೂರರಲ್ಲಿ ಯಾವ ಕೆಲಸವನ್ನು ಬೇರೆಯವರಿಗೆ ವಹಿಸಿದರೆ ನನಗೆ ಬೇಜಾರಾಗುವುದಿಲ್ಲ’ ಎಂದು ಕೇಳಿಕೊಂಡರೆ ಅದು ಬೇಗ ಸಿಗುತ್ತದೆ. ಉಳಿದ ಎರಡರಲ್ಲಿ ‘ಹೆಚ್ಚು’ ಆರಿಸುವುದು ಆಮೇಲೆ ಕಷ್ಟವಲ್ಲ. ಒಂದು ಗುಂಪಿಗೆ 15ರಿಂದ 20 ಸೆಕೆಂಡ್ ಸಾಕು. ನೂರು ದಾಟಿದ ಗುಂಪುಗಳಿರುವಾಗ ಮೊದಲ ಹತ್ತರಲ್ಲೇ ಅಳೆದೂ ತೂಗಿ ದಣಿದುಬಿಟ್ಟರೆ ಕೊನೆಯ ಮೂವತ್ತಕ್ಕೆ ಕೈಗೆ ಸಿಕ್ಕಿದ್ದನ್ನು ಒತ್ತುವಂತಾಗುತ್ತದೆ.

ನಡುನಡುವೆ ಕೆಲವು ಪ್ರಶ್ನೆಗಳು ವ್ಯಕ್ತಿತ್ವ ಅಳೆಯಲು ಬಂದವಲ್ಲ. ‘ನಾನು ಜೀವನದಲ್ಲಿ ಒಮ್ಮೆಯೂ ಸುಳ್ಳು ಹೇಳಿಲ್ಲ’, ‘ಯಾರ ಮೇಲೂ ನನಗೆ ಸಿಟ್ಟು ಬಂದಿಲ್ಲ.’ ಇಂಥವಕ್ಕೆಲ್ಲಾ ಹೌದು ಎಂದರೆ ನೀವು ಸಾಧು ಎಂದು ಯಾರೂ ತಿಳಿಯುವುದಿಲ್ಲ, ತೋರಿಕೆಗೆ ಉತ್ತರಿಸುತ್ತಿದ್ದೀರಿ ಎಂದು ತಿಳಿಯುತ್ತಾರೆ. ಈ ಉಪಾಯ ಹಳೆಯದು. 1960ರಲ್ಲಿ ಬಂದ ಮಾರ್ಲೋ ಕ್ರೌನ್ ಮಾಪನದ 33 ವಾಕ್ಯಗಳೂ ಜನ ತಮ್ಮನ್ನು ಎಷ್ಟು ಚೆಂದ ಮಾಡಿ ತೋರಿಸಿಕೊಳ್ಳುತ್ತಾರೆ ಎಂದು ಅಳೆಯಲೆಂದೇ ಮಾಡಿದ್ದು. ‘ಎಂದಿಗೂ’, ‘ಯಾವಾಗಲೂ’, ‘ಒಮ್ಮೆಯೂ’ ಕಂಡ ಕಡೆ ಒಂದು ಕ್ಷಣ ನಿಂತು, ಇದ್ದದ್ದು ಇದ್ದ ಹಾಗೆ ಹೇಳಿ. ‘ಈ ಪ್ರಶ್ನೆಗೆ ಎರಡನೇ ಆಯ್ಕೆಯನ್ನು ಒತ್ತಿ’ ಎಂದೂ ಬರಬಹುದು. ಅದು ನೀವು ಓದುತ್ತಿದ್ದೀರಾ ಎಂದು ನೋಡಲು.

ಪ್ರಾಮಾಣಿಕತೆಯ ಟೆಸ್ಟ್‌ಗಳಲ್ಲಿ ಇನ್ನೊಂದು ಬಗೆ ಇದೆ. ‘ಕಚೇರಿಯ ಸಾಮಾನನ್ನು ಮನೆಗೆ ಒಯ್ಯುವವರು ನೂರಕ್ಕೆ ಎಷ್ಟು ಮಂದಿ ಇರಬಹುದು?’ ಕೇಳುತ್ತಿರುವುದು ಲೋಕದ ಬಗ್ಗೆ, ಅಂಕ ಬೀಳುವುದು ನಿಮಗೆ. ಕಳ್ಳತನ ಎಲ್ಲರೂ ಮಾಡುತ್ತಾರೆ ಎಂದು ನಂಬುವವರು ತಾವೂ ಮಾಡುವ ಸಾಧ್ಯತೆ ಹೆಚ್ಚು ಎಂಬ ಊಹೆಯ ಮೇಲೆ ಇದು ನಿಂತಿದೆ. ಲೋಕವನ್ನು ಕಣ್ಣಾರೆ ಕಂಡು ನೇರವಾಗಿ ಹೇಳುವವರಿಗೆ ಇದು ಅನ್ಯಾಯವೇ ಸರಿ. ದೊಡ್ಡ ಸಂಖ್ಯೆ ಬರೆಯುವ ಮೊದಲು, ಅದನ್ನು ಹೇಗೆ ಓದುತ್ತಾರೆ ಎಂಬುದಾದರೂ ನಿಮಗೆ ಗೊತ್ತಿರಲಿ.

ನೆಟ್‌ನಲ್ಲಿ ಸಿಗುವ ‘ಉತ್ತರದ ಕೀ’ಗಳನ್ನು ನಂಬಬೇಡಿ. ಹುದ್ದೆ ಯಾವುದೆಂದು ಆ ಕೀಗೆ ಗೊತ್ತಿಲ್ಲ. ಎಲ್ಲರನ್ನೂ ಒಪ್ಪಿಸಿಕೊಂಡು ಹೋಗುವ ಗುಣ ಗ್ರಾಹಕ ಸೇವೆಯಲ್ಲಿ ಬೇಕಾಗಬಹುದು, ಲೆಕ್ಕ ತಪಾಸಣೆಯಲ್ಲಿ ಅದೇ ಅತಿಯಾದರೆ ತೊಡಕು. ಬಹುತೇಕ ಎಲ್ಲಾ ಕೆಲಸಗಳಿಗೂ ಅನ್ವಯಿಸುವಂತೆ ಕಂಡಿರುವುದು ಒಂದೇ: ಹೇಳಿದ್ದನ್ನು ಹೊತ್ತಿಗೆ ಸರಿಯಾಗಿ, ಜವಾಬ್ದಾರಿಯಿಂದ ಮಾಡುವ ಗುಣ. ಬ್ಯಾರಿಕ್ ಮತ್ತು ಮೌಂಟ್ ಎಂಬ ಸಂಶೋಧಕರು 1991ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲಾ ಒಟ್ಟುಗೂಡಿಸಿ ನೋಡಿದಾಗ ಸಿಕ್ಕಿದ್ದೂ ಅದೇ. ಆ ಗುಣಕ್ಕೂ ಕೆಲಸ ಚೆನ್ನಾಗಿ ಮಾಡುವುದಕ್ಕೂ ಇರುವ ನಂಟು ಕೂಡ ಬಲವಾದದ್ದೇನಲ್ಲ. ಒಂದು ಟೆಸ್ಟ್‌ನ ಮೇಲೆಯೇ ಒಬ್ಬರನ್ನು ಹೊರಗಿಡುವುದು ತಪ್ಪು ಎಂದು ಖಚಿತವಾಗಿ ಹೇಳುವುದು ಇದೇ ಕಾರಣಕ್ಕೆ.

ನಾಲ್ಕು ಅಕ್ಷರದಲ್ಲಿ ನಿಮ್ಮನ್ನು 16 ಬಗೆಗಳಲ್ಲಿ ಒಂದಕ್ಕೆ ಸೇರಿಸುವ ಮೈಯರ್ಸ್ ಬ್ರಿಗ್ಸ್ ಟೆಸ್ಟ್ ಬಂದರೆ ಒಂದು ವಿಷಯ ತಿಳಿದಿರಿ. ಅದನ್ನು ಆಯ್ಕೆಗೆ ಬಳಸಬಾರದು ಎಂದು ಅದನ್ನು ಹೊರತರುವವರೇ ಹೇಳುತ್ತಾರೆ. ಎಂಎಂಪಿಐ ಮಾದರಿಯ ಪ್ರಶ್ನೆಗಳು, ಅಂದರೆ ಯಾರಿಗೂ ಕೇಳದ ದನಿ ಕೇಳಿಸುತ್ತದೆಯೇ, ಬದುಕು ಸಾಕೆನ್ನಿಸಿದೆಯೇ ಎಂಬಂಥವು ಬಂದರೆ ಅದು ಬೇರೆಯೇ ಮಾತು. ಮಾನಸಿಕ ಕಾಯಿಲೆ ಗುರುತಿಸಲು ರೂಪಿಸಿದ ಪರೀಕ್ಷೆ ಅದು. 2005ರಲ್ಲಿ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ ಅದನ್ನು ವೈದ್ಯಕೀಯ ತಪಾಸಣೆ ಎಂದೇ ಪರಿಗಣಿಸಿತು. ಈ ಹುದ್ದೆಗೆ ಇದೇಕೆ ಬೇಕು, ಉತ್ತರಗಳನ್ನು ಯಾರು ನೋಡುತ್ತಾರೆ ಎಂದು ಬರೆದು ಕೇಳುವ ಹಕ್ಕು ನಿಮಗಿದೆ ಎಂದೇ ನಡೆದುಕೊಳ್ಳಿ.

ಕೂರುವಾಗ: ಫೋನ್ ಬೇಡ, ಲ್ಯಾಪ್‌ಟಾಪ್ ಇರಲಿ. ಚಿಕ್ಕ ಪರದೆಯಲ್ಲಿ ಮೂರನೇ ವಾಕ್ಯ ಕಾಣದೆ ಹೋಗುತ್ತದೆ, ‘ಇಲ್ಲ’ ಎಂಬ ಪದ ಕಣ್ತಪ್ಪುತ್ತದೆ. ಟೆಸ್ಟ್ ಮಧ್ಯೆ ನಿಲ್ಲಿಸಿ ಮುಂದುವರಿಸಬಹುದೇ ಎಂದು ಮೊದಲೇ ನೋಡಿಕೊಳ್ಳಿ. ನಿಮಗೆ ಚೆನ್ನಾಗಿ ಬರುವ ಭಾಷೆಯ ಆಯ್ಕೆ ಇದ್ದರೆ ಅದನ್ನೇ ಒತ್ತಿ. ಓದುವ ತೊಂದರೆ, ಆಟಿಸಂ, ದೃಷ್ಟಿಯ ಸಮಸ್ಯೆ ಇರುವವರು ಹೆಚ್ಚಿನ ಸಮಯ ಅಥವಾ ಬೇರೆ ರೂಪದ ಟೆಸ್ಟನ್ನು ಲಿಂಕ್ ಒತ್ತುವ ಮೊದಲೇ ಕೇಳಬೇಕು. ಮುಗಿದ ಮೇಲೆ ಕೇಳಿದರೆ ಸರಿಪಡಿಸುವುದು ಬಹಳ ಕಷ್ಟ.

ರಿಪೋರ್ಟ್ ಕೈಗೆ ಬಂದರೆ ಮೊದಲು ಸಂಖ್ಯೆ ನೋಡಿ. 40ನೇ ಪರ್ಸೆಂಟೈಲ್ ಎಂದರೆ ನೂರಕ್ಕೆ 40 ಅಂಕ ಅಲ್ಲ, ಹೋಲಿಕೆಯ ಗುಂಪಿನಲ್ಲಿ ನೂರಕ್ಕೆ 40 ಜನ ನಿಮಗಿಂತ ಕೆಳಗಿದ್ದಾರೆ ಎಂದು. ಸ್ಟೆನ್ ಎಂಬ 1ರಿಂದ 10ರ ಅಳತೆಯಾದರೆ 5, 6 ನಡುಮಧ್ಯ, ಮೂರರಲ್ಲಿ ಎರಡು ಪಾಲು ಜನ 4ರಿಂದ 7ರೊಳಗೇ ಇರುತ್ತಾರೆ. ಆ ಹೋಲಿಕೆಯ ಗುಂಪು ಯಾರದ್ದು ಎಂದು ಕೇಳಿ. ಅದು ಕೆಲಸಕ್ಕೆ ಅರ್ಜಿ ಹಾಕಿದವರದ್ದೇ ಆಗಿದ್ದರೆ, ಅವರೆಲ್ಲ ತಮ್ಮನ್ನು ಸ್ವಲ್ಪ ಏರಿಸಿಯೇ ಹೇಳಿಕೊಂಡಿರುತ್ತಾರೆ. ಅವರ ಪಕ್ಕದಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದವರು ಕೆಳಗೆ ಕಾಣುತ್ತಾರೆ. ಆದ್ದರಿಂದ ನಿಮ್ಮ ಅತಿ ಕೆಟ್ಟ ದಿನವನ್ನು ನೆನೆದು ಉತ್ತರಿಸುವ ಅತಿ ವಿನಯವೂ ಬೇಡ.

ಇಂಟರ್‌ವ್ಯೂ ಮಾಡುವವರ ಮುಂದೆ ಆ ರಿಪೋರ್ಟ್ ಇದ್ದರೆ ಪ್ರಶ್ನೆಗಳು ನಿಮಗೆ ತೀರಾ ಹೆಚ್ಚು ಅಥವಾ ತೀರಾ ಕಡಿಮೆ ಬಂದ ಅಂಕಗಳಿಂದಲೇ ಹುಟ್ಟುತ್ತವೆ. ‘ಬೇಗ ನಿರ್ಧಾರ ತೆಗೆದುಕೊಳ್ಳುತ್ತೀರಿ ಎಂದು ಬಂದಿದೆ, ಅದರಿಂದ ತೊಂದರೆಯಾದದ್ದು ಉಂಟಾ?’ ಟೆಸ್ಟ್ ಮುಗಿದ ಕೂಡಲೇ, ಯಾವ ಪ್ರಶ್ನೆಗಳಿಗೆ ಎರಡನೇ ಯೋಚನೆ ಇಲ್ಲದೆ ತುದಿಯ ಆಯ್ಕೆ ಒತ್ತಿದಿರಿ ಎಂದು ನೆನಪಿದ್ದಷ್ಟು ಬರೆದಿಟ್ಟುಕೊಳ್ಳಿ. ಅಂಥ ಒಂದೊಂದಕ್ಕೂ ಕೆಲಸದಲ್ಲಿ ನಡೆದ ಒಂದು ನಿಜ ಸಂದರ್ಭ ಹೊಂದಿಸಿಕೊಳ್ಳಿ: ಏನು ನಿರ್ಧಾರ, ಏನಾಯಿತು, ಮುಂದಿನ ಸಲ ಏನು ಬದಲಿಸಿದಿರಿ. ಮೂರು ಸಂದರ್ಭ ಸಿದ್ಧವಿದ್ದರೆ ಇಂಟರ್‌ವ್ಯೂನ ಆ ಭಾಗಕ್ಕೆ ಸಾಕಾಗುತ್ತದೆ.